ಪಿತ್ತಕೋಶದ ಕ್ಯಾನ್ಸರ್: ಲಕ್ಷಣಗಳನ್ನು ಗುರುತಿಸುವುದು ಹೇಗೆ? ವ್ರತ-ಉಪವಾಸ ಮಾಡುವವರು ತಿಳಿದಿರಬೇಕಾದ ವಿಷಯಗಳು

ಪಿತ್ತಕೋಶದ ಕ್ಯಾನ್ಸರ್ ಆರಂಭದಲ್ಲಿ ಯಾವ ಸುಳಿವನ್ನೂ ಕೊಡದೆ ಬೆಳೆಯುವ ಕಾಯಿಲೆ. ಸುಳಿವು ಕೊಡಲು ಶುರುಮಾಡಿದಾಗಲೂ ಅದು ಗ್ಯಾಸ್ಟ್ರಿಕ್, ಪಿತ್ತ, ಅಜೀರ್ಣ ಎಂಬ ದಿನನಿತ್ಯದ ತೊಂದರೆಗಳಂತೆಯೇ ಕಾಣುತ್ತದೆ. ಹೀಗಾಗಿ ಹೆಚ್ಚಿನ ರೋಗಿಗಳು ಕಾಯಿಲೆ ಲಿವರ್‌ಗೆ ಅಥವಾ ಪಿತ್ತನಾಳಕ್ಕೆ ಹರಡಿದ ಮೇಲೆ ವೈದ್ಯರನ್ನು ಕಾಣುತ್ತಾರೆ. ಬೇಗ ಗೊತ್ತಾದರೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಸಾಧ್ಯತೆ ಇದೆ, ತಡವಾದರೆ ಆ ಅವಕಾಶ ಕೈತಪ್ಪುತ್ತದೆ.

ಜೈನ ಕುಟುಂಬಗಳಲ್ಲಿ ಈ ಕಾಯಿಲೆಯ ಬಗ್ಗೆ ಇನ್ನೂ ಒಂದು ಎಚ್ಚರ ಬೇಕು. ಏಕಾಶನ, ಉಪವಾಸ, ಆಯಂಬಿಲ್ ಮುಂತಾದ ವ್ರತಗಳನ್ನು ಮಾಡುವವರಲ್ಲಿ ತೂಕ ಇಳಿಯುವುದು, ಊಟ ಕಡಿಮೆಯಾಗುವುದು, ಸುಸ್ತಾಗುವುದು ಸಹಜ. ಇವೇ ಕ್ಯಾನ್ಸರ್‌ನ ಲಕ್ಷಣಗಳೂ ಆಗಿರುವುದರಿಂದ "ವ್ರತದಿಂದ ಹೀಗಾಗಿದೆ" ಎಂದುಕೊಂಡು ವಾರಗಳು ಕಳೆದುಹೋಗಬಹುದು. ಎರಡನ್ನೂ ಬೇರೆ ಮಾಡಿ ನೋಡುವುದು ಹೇಗೆ ಎಂಬುದನ್ನು ಈ ಲೇಖನ ವಿವರಿಸುತ್ತದೆ.

ಪಿತ್ತಕೋಶ ಎಂದರೇನು?

ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬುಗಳ ಅಡಿಯಲ್ಲಿ ಲಿವರ್ ಇದೆ. ಕನ್ನಡದಲ್ಲಿ ಇದನ್ನು ಯಕೃತ್ತು ಅಥವಾ ಪಿತ್ತಜನಕಾಂಗ ಎನ್ನುತ್ತಾರೆ. ಇದರ ಕೆಳಮೈಗೆ ಅಂಟಿಕೊಂಡಂತೆ ಇರುವ, ಪೇರುಹಣ್ಣಿನ ಆಕಾರದ, 7ರಿಂದ 10 ಸೆಂಟಿಮೀಟರ್ ಉದ್ದದ ಚಿಕ್ಕ ಚೀಲವೇ ಪಿತ್ತಕೋಶ, ಅಂದರೆ ಗಾಲ್‌ಬ್ಲ್ಯಾಡರ್. ಪಿತ್ತಜನಕಾಂಗ ಮತ್ತು ಪಿತ್ತಕೋಶ ಎಂಬ ಹೆಸರುಗಳು ಹತ್ತಿರವಾಗಿರುವುದರಿಂದ ಎಷ್ಟೋ ಜನ ಇವೆರಡನ್ನೂ ಒಂದೇ ಎಂದು ತಿಳಿಯುತ್ತಾರೆ. ಆದರೆ ಇವು ಬೇರೆ ಬೇರೆ ಅಂಗಗಳು.

ಲಿವರ್ ತಯಾರಿಸುವ ಪಿತ್ತರಸ ಈ ಚೀಲದಲ್ಲಿ ಸೇರಿ ಗಟ್ಟಿಯಾಗುತ್ತದೆ. ಸಾಮಾನ್ಯವಾಗಿ 30ರಿಂದ 50 ಮಿಲಿಲೀಟರ್‌ನಷ್ಟು ಪಿತ್ತರಸ ಇದರಲ್ಲಿ ಹಿಡಿಯುತ್ತದೆ. ತುಪ್ಪ, ಎಣ್ಣೆ, ಹಾಲಿನಂತಹ ಕೊಬ್ಬಿನ ಪದಾರ್ಥಗಳು ಕರುಳಿಗೆ ಬಂದಾಗ ಪಿತ್ತಕೋಶ ಸಂಕುಚಿಸಿ ಪಿತ್ತರಸವನ್ನು ನಾಳದ ಮೂಲಕ ಕರುಳಿಗೆ ಕಳುಹಿಸುತ್ತದೆ. ಪಿತ್ತಕೋಶವನ್ನು ತೆಗೆದರೂ ಮನುಷ್ಯ ಆರೋಗ್ಯವಾಗಿ ಬದುಕಬಹುದು. ಆಗ ಪಿತ್ತರಸ ಲಿವರ್‌ನಿಂದ ನೇರವಾಗಿ ಕರುಳಿಗೆ ಹರಿಯುತ್ತದೆ.

ಪಿತ್ತಕೋಶದ ಗೋಡೆ ಬಹಳ ತೆಳು. ಲಿವರ್‌ಗೆ ಅಂಟಿಕೊಂಡಿರುವ ಭಾಗದಲ್ಲಿ ಹೊರಪೊರೆಯೂ ಇರುವುದಿಲ್ಲ. ಒಳಪದರದಲ್ಲಿ ಹುಟ್ಟಿದ ಗಡ್ಡೆ ಲಿವರ್‌ಗೆ, ಹತ್ತಿರದ ದುಗ್ಧಗ್ರಂಥಿಗಳಿಗೆ ಮತ್ತು ಪಿತ್ತನಾಳಕ್ಕೆ ಬೇಗ ಹರಡಲು ಇದು ಒಂದು ಮುಖ್ಯ ಕಾರಣ.

ಯಾರಿಗೆ ಹೆಚ್ಚು ಅಪಾಯ?

ಈ ಕ್ಯಾನ್ಸರ್ ಪುರುಷರಿಗಿಂತ ಮಹಿಳೆಯರಲ್ಲಿ ಎರಡು-ಮೂರು ಪಟ್ಟು ಹೆಚ್ಚು. ವಯಸ್ಸು ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತದೆ. ಭಾರತದಲ್ಲಿ ಉತ್ತರಪ್ರದೇಶ, ಬಿಹಾರ, ಪಶ್ಚಿಮ ಬಂಗಾಳ, ದೆಹಲಿ, ಅಸ್ಸಾಂ ಕಡೆ ಇದು ಹೆಚ್ಚು ಕಾಣುತ್ತದೆ. ದಕ್ಷಿಣದ ರಾಜ್ಯಗಳಲ್ಲಿ ಅದಕ್ಕಿಂತ ಕಡಿಮೆ. ವ್ಯಾಪಾರ-ಉದ್ಯೋಗಕ್ಕಾಗಿ ಆ ರಾಜ್ಯಗಳಲ್ಲಿ ನೆಲೆಸಿರುವ ಬಂಧುಗಳಿರುವ ಕುಟುಂಬಗಳು ಇದನ್ನು ಗಮನದಲ್ಲಿಡಬೇಕು. ಹಾಗೆಂದು ಕರ್ನಾಟಕದಲ್ಲಿ ಈ ಕಾಯಿಲೆ ಇಲ್ಲವೇ ಇಲ್ಲ ಎಂದಲ್ಲ.

ಅಪಾಯ ಹೆಚ್ಚಿಸುವ ಮುಖ್ಯ ಕಾರಣಗಳು ಇವು:

• ಪಿತ್ತಕೋಶದ ಕಲ್ಲುಗಳು. ಈ ಕ್ಯಾನ್ಸರ್ ಇರುವವರಲ್ಲಿ ಹೆಚ್ಚಿನವರಿಗೆ ಕಲ್ಲುಗಳೂ ಇರುತ್ತವೆ. ಕಲ್ಲು 3 ಸೆಂಟಿಮೀಟರ್‌ಗಿಂತ ದೊಡ್ಡದಾಗಿದ್ದರೆ ಅಪಾಯ ಇನ್ನೂ ಹೆಚ್ಚು.
• ವರ್ಷಗಟ್ಟಲೆ ಇರುವ ಪಿತ್ತಕೋಶದ ಉರಿಯೂತ.
• ಪಿತ್ತಕೋಶದ ಒಳಗೆ ಬೆಳೆಯುವ ಪಾಲಿಪ್, ಅದರಲ್ಲೂ 1 ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡದು.
• ಪಿತ್ತಕೋಶದ ಗೋಡೆಯಲ್ಲಿ ಸುಣ್ಣದ ಅಂಶ ಕೂಡಿಕೊಂಡು ಗಟ್ಟಿಯಾಗುವುದು.
• ಟೈಫಾಯ್ಡ್ ವಾಸಿಯಾದ ಮೇಲೂ ಅದರ ರೋಗಾಣು ಪಿತ್ತಕೋಶದಲ್ಲಿ ಉಳಿದುಕೊಳ್ಳುವುದು.
• ಪಿತ್ತನಾಳ ಮತ್ತು ಮೇದೋಜೀರಕ ಗ್ರಂಥಿಯ ನಾಳ ಹುಟ್ಟಿನಿಂದಲೇ ಅಸಹಜವಾಗಿ ಕೂಡಿರುವುದು.
• ಸ್ಥೂಲಕಾಯ, ಧೂಮಪಾನ, ಹತ್ತಿರದ ರಕ್ತಸಂಬಂಧಿಗಳಲ್ಲಿ ಈ ಕ್ಯಾನ್ಸರ್ ಇದ್ದಿರುವುದು.

ಕಲ್ಲಿದೆ ಎಂದು ಗೊತ್ತಾದ ಕೂಡಲೇ ಗಾಬರಿಪಡಬೇಕಾಗಿಲ್ಲ. ಕಲ್ಲಿರುವ ನೂರು ಜನರಲ್ಲಿ ತೊಂಬತ್ತೇಳಕ್ಕೂ ಹೆಚ್ಚು ಜನರಿಗೆ ಕ್ಯಾನ್ಸರ್ ಬರುವುದೇ ಇಲ್ಲ. ಆದರೆ ಕಲ್ಲಿರುವ ವಿಷಯ ತಿಳಿದ ಮೇಲೆ ಅದನ್ನು ಮರೆತುಬಿಡುವುದೂ ಸರಿಯಲ್ಲ. ಈ ಕಾಯಿಲೆ ಹೆಚ್ಚಾಗಿರುವ ಚಿಲಿ ದೇಶದಲ್ಲಿ 35ರಿಂದ 49 ವರ್ಷದೊಳಗಿನ, ಪಿತ್ತಕೋಶದಲ್ಲಿ ಕಲ್ಲಿರುವವರಿಗೆ ಕ್ಯಾನ್ಸರ್ ತಡೆಯುವ ಉದ್ದೇಶದಿಂದಲೇ ಪಿತ್ತಕೋಶ ತೆಗೆಯುವ ಸರ್ಕಾರಿ ಕಾರ್ಯಕ್ರಮವಿದೆ. ಭಾರತದಲ್ಲಿ ಅಂತಹ ವ್ಯವಸ್ಥೆ ಇಲ್ಲದಿರುವುದರಿಂದ ಶಸ್ತ್ರಚಿಕಿತ್ಸೆ ಬೇಕೇ ಬೇಡವೇ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ವೈದ್ಯರೊಂದಿಗೆ ಮಾತಾಡಿ ತೀರ್ಮಾನಿಸಬೇಕು.

ಪಿತ್ತಕೋಶದ ಕಲ್ಲನ್ನೂ ಮೂತ್ರಪಿಂಡದ ಕಲ್ಲನ್ನೂ ಒಂದೇ ಎಂದು ತಿಳಿದು ಬಾಳೆದಿಂಡಿನ ರಸ ಕುಡಿಯುತ್ತಾ ಕಾಯುವವರಿದ್ದಾರೆ. ಚಿಕ್ಕ ಮೂತ್ರಪಿಂಡದ ಕಲ್ಲು ಮೂತ್ರದ ಜೊತೆ ಹೊರಹೋಗಬಹುದು. ಪಿತ್ತಕೋಶಕ್ಕೂ ಮೂತ್ರನಾಳಕ್ಕೂ ಸಂಬಂಧವೇ ಇಲ್ಲ. ಪಿತ್ತಕೋಶದ ಕಲ್ಲು ಅದರ ನಾಳಕ್ಕೆ ಜಾರಿದರೆ ಕಾಮಾಲೆ ಅಥವಾ ಮೇದೋಜೀರಕ ಗ್ರಂಥಿಯ ಉರಿಯೂತ ಉಂಟಾಗಿ ಜೀವಕ್ಕೇ ಅಪಾಯವಾಗಬಹುದು.

ಉಪವಾಸಕ್ಕೂ ಪಿತ್ತಕೋಶಕ್ಕೂ ಏನು ಸಂಬಂಧ?

ಆಹಾರ ಒಳಗೆ ಹೋಗದಿದ್ದಾಗ ಪಿತ್ತಕೋಶ ಸಂಕುಚಿಸುವ ಸಂದರ್ಭ ಕಡಿಮೆ. ಪಿತ್ತರಸ ಹೆಚ್ಚು ಹೊತ್ತು ಅಲ್ಲೇ ನಿಂತು ಗಟ್ಟಿಯಾಗುತ್ತದೆ. ದಿನಗಟ್ಟಲೆ, ವಾರಗಟ್ಟಲೆ ಹೀಗಾದರೆ ಕೆಸರಿನಂತಹ ಅಂಶ ಕೂಡಿ ಮುಂದೆ ಕಲ್ಲಾಗಬಹುದು. ಕಡಿಮೆ ಅವಧಿಯಲ್ಲಿ ತೂಕ ವೇಗವಾಗಿ ಇಳಿದಾಗಲೂ ಕಲ್ಲುಗಳು ಉಂಟಾಗುವ ಸಾಧ್ಯತೆ ಹೆಚ್ಚು. ಅಠಾಯಿ, ಮಾಸಖಮಣದಂತಹ ದೀರ್ಘ ಉಪವಾಸ ಮಾಡುವವರು ಇದನ್ನು ತಿಳಿದಿರಬೇಕು. ತುಪ್ಪ, ಎಣ್ಣೆ, ಹಾಲು ಯಾವುದೂ ಇಲ್ಲದ ಆಯಂಬಿಲ್ ಆಹಾರದಲ್ಲಿ ಕೊಬ್ಬಿನ ಅಂಶ ತೀರಾ ಕಡಿಮೆ ಇರುವುದರಿಂದ ಆಗಲೂ ಪಿತ್ತಕೋಶ ಪೂರ್ತಿಯಾಗಿ ಖಾಲಿಯಾಗುವುದಿಲ್ಲ.

ಉಪವಾಸದಿಂದ ಕ್ಯಾನ್ಸರ್ ಬರುತ್ತದೆ ಎಂಬುದು ಇದರ ಅರ್ಥವಲ್ಲ. ಕಲ್ಲು ಮೊದಲೇ ಇರುವವರು ದೀರ್ಘ ತಪಸ್ಸಿಗೆ ಕೂರುವ ಮೊದಲು ಒಮ್ಮೆ ವೈದ್ಯರನ್ನು ಕೇಳಬೇಕು ಎಂಬುದಷ್ಟೇ. ಪಾರಣೆಯ ದಿನ ತುಪ್ಪದ ಸಿಹಿ, ಕರಿದ ತಿಂಡಿಗಳನ್ನು ಒಮ್ಮೆಲೇ ತಿಂದಾಗ ಹಲವು ದಿನ ಸುಮ್ಮನಿದ್ದ ಪಿತ್ತಕೋಶ ಜೋರಾಗಿ ಸಂಕುಚಿಸುತ್ತದೆ. ಒಳಗೆ ಕಲ್ಲಿದ್ದರೆ ಆಗಲೇ ತೀವ್ರ ನೋವು ಕಾಣಿಸಿಕೊಳ್ಳಬಹುದು. ಪಾರಣೆಯ ನಂತರ ಬಲಪಕ್ಕೆಯಲ್ಲಿ ನೋವು ಬಂದರೆ ಅದನ್ನು ಬರೀ ಅಜೀರ್ಣವೆಂದು ಬಿಡದೆ ಒಂದು ಸ್ಕ್ಯಾನಿಂಗ್ ಮಾಡಿಸುವುದು ಒಳ್ಳೆಯದು.

ಗಮನಿಸಬೇಕಾದ ಲಕ್ಷಣಗಳು

ಗಡ್ಡೆ ಪಿತ್ತಕೋಶದ ಒಳಪದರದಲ್ಲಷ್ಟೇ ಇರುವಾಗ ಸಾಮಾನ್ಯವಾಗಿ ಯಾವ ಲಕ್ಷಣವೂ ಇರುವುದಿಲ್ಲ. ಕೆಳಗಿನ ಲಕ್ಷಣಗಳಲ್ಲಿ ಒಂದಿದ್ದ ಮಾತ್ರಕ್ಕೆ ಕ್ಯಾನ್ಸರ್ ಎಂದು ಅರ್ಥವಲ್ಲ. ಹೆಚ್ಚಿನ ಸಲ ಕಾರಣ ಕಲ್ಲು, ಹುಣ್ಣು ಅಥವಾ ಸೋಂಕು ಆಗಿರುತ್ತದೆ. ಆದರೆ ಕಾರಣ ಯಾವುದು ಎಂಬುದನ್ನು ಪರೀಕ್ಷೆಯಿಂದಲೇ ತಿಳಿಯಬೇಕು.

1. ಹೊಟ್ಟೆಯ ಬಲ ಮೇಲ್ಭಾಗದಲ್ಲಿ ನೋವು. ಇದು ಅತಿ ಸಾಮಾನ್ಯ ಲಕ್ಷಣ. ನೋವು ಬಲ ಭುಜಕ್ಕೆ ಅಥವಾ ಬೆನ್ನಿಗೆ ಹರಿಯಬಹುದು. ಕಲ್ಲಿನ ನೋವು ಬಂದು ಕೆಲವು ಗಂಟೆಗಳಲ್ಲಿ ಪೂರ್ತಿ ಹೋಗುತ್ತದೆ, ಮತ್ತೆ ಯಾವಾಗಲೋ ಬರುತ್ತದೆ. ಕ್ಯಾನ್ಸರ್‌ನಲ್ಲಿ ನೋವು ಸಣ್ಣದಾಗಿದ್ದರೂ ಬಿಡದೆ ಇರುವುದು ಹೆಚ್ಚು. ಹಿಂದೆ ಆಗೊಮ್ಮೆ ಈಗೊಮ್ಮೆ ಬರುತ್ತಿದ್ದ ನೋವು ಈಗ ದಿನವಿಡೀ ಇದೆ, ರಾತ್ರಿ ನಿದ್ದೆಗೂ ಬಿಡುವುದಿಲ್ಲ ಎಂದಾದರೆ ಅದನ್ನು ಮುಖ್ಯ ಬದಲಾವಣೆ ಎಂದು ತಿಳಿಯಬೇಕು.

2. ವಾಕರಿಕೆ, ವಾಂತಿ, ಹೊಟ್ಟೆ ಉಬ್ಬರ. ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುವುದು, ಎಣ್ಣೆ ಪದಾರ್ಥ ಕಂಡರೆ ಆಗದಿರುವುದು. ಗಡ್ಡೆ ಪಕ್ಕದ ಸಣ್ಣಕರುಳನ್ನು ಒತ್ತಿದರೆ ತಿಂದದ್ದೆಲ್ಲ ವಾಂತಿಯಾಗಬಹುದು.

3. ಹಸಿವು ಕಡಿಮೆಯಾಗಿ, ಪ್ರಯತ್ನವಿಲ್ಲದೆ ತೂಕ ಇಳಿಯುವುದು. ಸೀರೆಯ ರವಿಕೆ, ಬಳೆ, ಉಂಗುರ ಸಡಿಲವಾಗುವುದನ್ನು ಮನೆಯವರು ಮೊದಲು ಗಮನಿಸುತ್ತಾರೆ.

4. ಕಾಮಾಲೆ. ಕಣ್ಣಿನ ಬಿಳಿಭಾಗ, ನಂತರ ಚರ್ಮ ಹಳದಿಯಾಗುವುದು. ಗಡ್ಡೆ ಪಿತ್ತನಾಳವನ್ನು ಮುಚ್ಚಿದಾಗ ಪಿತ್ತರಸ ಕರುಳಿಗೆ ಇಳಿಯದೆ ರಕ್ತಕ್ಕೆ ಸೇರುತ್ತದೆ. ಆಗ ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗುತ್ತದೆ, ಮಲ ತನ್ನ ಬಣ್ಣ ಕಳೆದುಕೊಂಡು ಜೇಡಿಮಣ್ಣಿನಂತೆ ಬಿಳಿಚಿಕೊಳ್ಳುತ್ತದೆ.

5. ಮೈಯೆಲ್ಲ ತುರಿಕೆ. ಚರ್ಮದ ಮೇಲೆ ಗಂಧೆ, ಗುಳ್ಳೆ ಏನೂ ಇಲ್ಲದೆ ಅಂಗೈ, ಅಂಗಾಲು, ಮೈಯೆಲ್ಲ ತುರಿಸುವುದು. ಕೆಲವರಲ್ಲಿ ಕಣ್ಣು ಹಳದಿಯಾಗುವ ಮೊದಲೇ ತುರಿಕೆ ಶುರುವಾಗುತ್ತದೆ. ಅವರು ಚರ್ಮದ ಮುಲಾಮು ಹಚ್ಚುತ್ತಾ ದಿನ ಕಳೆಯುವುದುಂಟು.

6. ಬಲಪಕ್ಕೆಯ ಕೆಳಗೆ ಗಡ್ಡೆ ಕೈಗೆ ಸಿಗುವುದು. ನೋವಿಲ್ಲದ ಕಾಮಾಲೆಯ ಜೊತೆ ಊದಿದ ಪಿತ್ತಕೋಶ ಕೈಗೆ ಸಿಕ್ಕರೆ ಅದಕ್ಕೆ ಕಲ್ಲು ಕಾರಣವಾಗಿರುವ ಸಾಧ್ಯತೆ ಕಡಿಮೆ. ಸ್ವಿಟ್ಜರ್ಲೆಂಡಿನ ಶಸ್ತ್ರಚಿಕಿತ್ಸಕ ಕೂರ್ವಾಸಿಯೇ 1890ರಲ್ಲಿ ಇದನ್ನು ಗುರುತಿಸಿದರು. ಇಂದಿಗೂ ವೈದ್ಯ ವಿದ್ಯಾರ್ಥಿಗಳು ಇದನ್ನು ಅವರ ಹೆಸರಿನಿಂದಲೇ ಕಲಿಯುತ್ತಾರೆ.

7. ಜ್ವರ, ಚಳಿ. ಮುಚ್ಚಿದ ಪಿತ್ತನಾಳದಲ್ಲಿ ಸೋಂಕು ಸೇರಿಕೊಂಡಾಗ ನಡುಕದ ಜೊತೆ ಜ್ವರ ಬರುತ್ತದೆ. ಕಾಮಾಲೆಯೊಂದಿಗೆ ಚಳಿಜ್ವರ ಬಂದರೆ ಅದು ತುರ್ತು ಪರಿಸ್ಥಿತಿ. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

8. ಮುಂದುವರಿದ ಹಂತದ ಲಕ್ಷಣಗಳು. ಹೊಟ್ಟೆಯಲ್ಲಿ ನೀರು ತುಂಬಿ ಉಬ್ಬುವುದು, ಹೊಕ್ಕುಳಲ್ಲಿ ಗಟ್ಟಿಯಾದ ಗಂಟು, ಎಡ ಕುತ್ತಿಗೆಯ ಬುಡದಲ್ಲಿ, ಕೊರಳೆಲುಬಿನ ಮೇಲೆ ಗಂಟು ಕಾಣಿಸುವುದು.

ವ್ರತದ ಸುಸ್ತೋ, ಕಾಯಿಲೆಯೋ?

ಉಪವಾಸದ ಪರಿಣಾಮಗಳಿಗೆ ಒಂದು ಗಡಿ ಇದೆ. ವ್ರತ ಮುಗಿದು ಊಟ ಶುರುವಾದ ಮೇಲೆ ಅವು ಹಿಂದೆ ಸರಿಯುತ್ತವೆ. ಕಾಯಿಲೆಯ ಲಕ್ಷಣಗಳು ಸರಿಯುವುದಿಲ್ಲ. ಈ ಕೆಳಗಿನಂತೆ ಹೋಲಿಸಿ ನೋಡಬಹುದು.

ತೂಕ: ಉಪವಾಸದಲ್ಲಿ ಇಳಿದ ತೂಕ ಪಾರಣೆಯ ನಂತರದ ವಾರಗಳಲ್ಲಿ ನಿಧಾನವಾಗಿ ಮರಳುತ್ತದೆ. ವ್ರತ ಮುಗಿದು ತಿಂಗಳಾದರೂ ತೂಕ ಇಳಿಯುತ್ತಲೇ ಇದ್ದರೆ ಅದಕ್ಕೆ ವ್ರತ ಕಾರಣವಲ್ಲ.

ಹಸಿವು: ಉಪವಾಸ ಮಾಡಿದವರಿಗೆ ಪಾರಣೆಯ ಒಂದೆರಡು ದಿನಗಳಲ್ಲಿ ಹಸಿವು ಮರಳುತ್ತದೆ. ಇಷ್ಟದ ಅಡುಗೆ ಮುಂದಿಟ್ಟರೂ ಬೇಡವೆನಿಸುವುದು ಸಂಯಮವಲ್ಲ, ಅದೊಂದು ಲಕ್ಷಣ.

ಮೂತ್ರದ ಬಣ್ಣ: ನೀರು ಕಡಿಮೆ ಕುಡಿದಾಗ ಮೂತ್ರ ಗಾಢ ಹಳದಿಯಾಗುತ್ತದೆ. ಚೆನ್ನಾಗಿ ನೀರು ಕುಡಿದ ಮೇಲೆ ತಿಳಿಯಾಗುತ್ತದೆ. ಸಾಕಷ್ಟು ನೀರು ಕುಡಿದ ಮೇಲೂ ಕಡುಚಹಾದ ಬಣ್ಣವೇ ಇದ್ದರೆ ರಕ್ತಪರೀಕ್ಷೆ ಬೇಕು.

ಮಲದ ಬಣ್ಣ: ಉಪವಾಸದಲ್ಲಿ ಮಲ ಕಡಿಮೆಯಾಗಬಹುದು, ಗಟ್ಟಿಯಾಗಬಹುದು. ಊಟ ಶುರುವಾದ ಮೇಲೂ ಅದು ಬಿಳಿಚಿಕೊಂಡೇ ಇದ್ದರೆ ಪಿತ್ತರಸ ಕರುಳಿಗೆ ಇಳಿಯುತ್ತಿಲ್ಲ ಎಂದು ಶಂಕಿಸಬೇಕು.

ಕಣ್ಣಿನ ಹಳದಿ: ಇದರಲ್ಲಿ ಒಂದು ಸೂಕ್ಷ್ಮವಿದೆ. ಗಿಲ್ಬರ್ಟ್ ಸಿಂಡ್ರೋಮ್ ಎಂಬ ಹುಟ್ಟಿನಿಂದ ಬರುವ, ತೊಂದರೆ ಕೊಡದ ಸ್ಥಿತಿ ಕೆಲವರಲ್ಲಿರುತ್ತದೆ. ಅಂಥವರು ಉಪವಾಸ ಮಾಡಿದಾಗ ರಕ್ತದಲ್ಲಿ ಬಿಲಿರುಬಿನ್ ಸ್ವಲ್ಪ ಏರಿ ಕಣ್ಣು ತುಸು ಹಳದಿಯಾಗುವುದುಂಟು. ಊಟ ಮಾಡಿದ ಮೇಲೆ ಇಳಿಯುತ್ತದೆ. ಅವರಲ್ಲಿ ಮೂತ್ರ ಕಡುಬಣ್ಣಕ್ಕೆ ತಿರುಗುವುದಿಲ್ಲ, ಮಲ ಬಿಳಿಚುವುದಿಲ್ಲ, ತುರಿಕೆ ಇರುವುದಿಲ್ಲ. ರಕ್ತಪರೀಕ್ಷೆಯ ವರದಿಯಲ್ಲಿ ಇನ್‌ಡೈರೆಕ್ಟ್ ಬಿಲಿರುಬಿನ್ ಮಾತ್ರ ಹೆಚ್ಚಿರುತ್ತದೆ. ಪಿತ್ತನಾಳ ಮುಚ್ಚಿದ್ದರೆ ಡೈರೆಕ್ಟ್ ಬಿಲಿರುಬಿನ್ ಮತ್ತು ಆಲ್ಕಲೈನ್ ಫಾಸ್ಫಟೇಸ್ ಏರಿರುತ್ತವೆ. ಕಣ್ಣು ಹಳದಿಯಾದವರು ಇದು ಯಾವುದೆಂದು ತಾವೇ ಊಹಿಸದೆ ಪರೀಕ್ಷೆ ಮಾಡಿಸಬೇಕು.

ಕಾಮಾಲೆಗೆ ಮನೆಮದ್ದು ಕೊಡುವ ಮೊದಲು

ಕಾಮಾಲೆ ಎಂದ ಕೂಡಲೇ ನೆಲನೆಲ್ಲಿಯ ರಸ ಕುಡಿಸುವುದು, ನಾಟಿ ಮದ್ದು ಕೊಡುವ ಊರಿಗೆ ಕರೆದೊಯ್ಯುವುದು ನಮ್ಮ ಹಳ್ಳಿ-ಪಟ್ಟಣಗಳಲ್ಲಿ ಇಂದಿಗೂ ರೂಢಿ. ಹೆಪಟೈಟಿಸ್ ಎ ವೈರಸ್‌ನಿಂದ ಬರುವ ಕಾಮಾಲೆ ಹೆಚ್ಚಿನವರಲ್ಲಿ ವಿಶ್ರಾಂತಿ-ಪಥ್ಯದಿಂದ ತಾನಾಗಿಯೇ ಇಳಿಯುತ್ತದೆ. ಮದ್ದಿನಿಂದಲೇ ವಾಸಿಯಾಯಿತು ಎಂಬ ನಂಬಿಕೆ ಬೆಳೆಯಲು ಇದೂ ಒಂದು ಕಾರಣ. ಪಿತ್ತನಾಳ ಮುಚ್ಚಿ ಬರುವ ಕಾಮಾಲೆ ಹೀಗೆ ಇಳಿಯುವುದಿಲ್ಲ.

ನಲವತ್ತು ದಾಟಿದವರಿಗೆ ಕಾಮಾಲೆ ಬಂದರೆ, ಅದರಲ್ಲೂ ನೋವಿಲ್ಲದೆ, ತುರಿಕೆಯೊಂದಿಗೆ, ಮಲ ಬಿಳಿಚಿಕೊಂಡು ಬಂದರೆ ಮೊದಲು ಆಗಬೇಕಾದದ್ದು ಹೊಟ್ಟೆಯ ಸ್ಕ್ಯಾನಿಂಗ್. ಮೂರು ವಾರ ಮದ್ದು ಮಾಡಿ ಆಮೇಲೆ ನೋಡೋಣ ಎಂದರೆ ಆ ಮೂರು ವಾರಗಳಲ್ಲಿ ಗಡ್ಡೆಯೂ ಬೆಳೆಯುತ್ತದೆ, ಕಾಮಾಲೆಯೂ ಏರಿ ಲಿವರ್, ಮೂತ್ರಪಿಂಡಗಳಿಗೆ ಪೆಟ್ಟಾಗುತ್ತದೆ.

ಆಲಿವ್ ಎಣ್ಣೆ, ನಿಂಬೆರಸ ಕುಡಿದು ಪಿತ್ತಕೋಶದ ಕಲ್ಲು ಹೊರಹಾಕುವ ವಿಧಾನವೊಂದು ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಆಗ ಮಲದಲ್ಲಿ ಕಾಣುವ ಹಸಿರು ಉಂಡೆಗಳು ಕುಡಿದ ಎಣ್ಣೆಯೇ ಕರುಳಿನಲ್ಲಿ ಸಾಬೂನಿನಂತೆ ಗಟ್ಟಿಯಾದವು, ಕಲ್ಲುಗಳಲ್ಲ.

ಯಾವ ಪರೀಕ್ಷೆಗಳು ಬೇಕಾಗುತ್ತವೆ?

ಅಲ್ಟ್ರಾಸೌಂಡ್ ಸ್ಕ್ಯಾನಿಂಗ್: ಇದು ಮೊದಲ ಪರೀಕ್ಷೆ. ನೋವಿಲ್ಲ, ಎಕ್ಸ್‌ರೇ ಕಿರಣಗಳಿಲ್ಲ, ತಾಲ್ಲೂಕು ಮಟ್ಟದಲ್ಲೂ ಹೆಚ್ಚಿನ ಕಡೆ ಸಿಗುತ್ತದೆ. ಪಿತ್ತಕೋಶ ತುಂಬಿದ್ದಾಗ ಚೆನ್ನಾಗಿ ಕಾಣುವುದರಿಂದ 6ರಿಂದ 8 ಗಂಟೆ ಖಾಲಿಹೊಟ್ಟೆಯಲ್ಲಿ ಬರಲು ಹೇಳುತ್ತಾರೆ. ಆದ್ದರಿಂದ ಉಪವಾಸದ ದಿನವೂ ಈ ಪರೀಕ್ಷೆ ಮಾಡಿಸಬಹುದು. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವವರು ಬೆಳಿಗ್ಗೆ ಪಾರಣೆಗೆ ಮುಂಚೆ ಹೋದರೆ ಸಾಕು. ವರದಿಯಲ್ಲಿ ಪಿತ್ತಕೋಶದ ಗೋಡೆಯ ದಪ್ಪ 3 ಮಿಲಿಮೀಟರ್‌ಗಿಂತ ಹೆಚ್ಚಿದೆ, ಪಾಲಿಪ್ ಇದೆ, ಒಳಗೆ ಗಡ್ಡೆ ಇದೆ ಎಂದು ಬರೆದಿದ್ದರೆ ಆ ವರದಿಯನ್ನು ಬೀರುವಿನಲ್ಲಿಡದೆ ಶಸ್ತ್ರಚಿಕಿತ್ಸಕರಿಗೆ ತೋರಿಸಬೇಕು. ಗೋಡೆ ದಪ್ಪವಾಗಲು ಸಾದಾ ಉರಿಯೂತವೂ ಕಾರಣವಾಗಬಹುದು.

ರಕ್ತಪರೀಕ್ಷೆಗಳು: ಲಿವರ್ ಫಂಕ್ಷನ್ ಟೆಸ್ಟ್‌ನಿಂದ ಕಾಮಾಲೆಯ ಬಗೆ ಗೊತ್ತಾಗುತ್ತದೆ. ಸಿಎ 19-9, ಸಿಇಎ ಎಂಬ ಟ್ಯೂಮರ್ ಮಾರ್ಕರ್‌ಗಳನ್ನೂ ನೋಡುವುದುಂಟು. ಕ್ಯಾನ್ಸರ್ ಇಲ್ಲದ ಕಾಮಾಲೆಯಲ್ಲೂ ಸಿಎ 19-9 ಏರಬಹುದು. ಆದ್ದರಿಂದ ಈ ಒಂದು ಅಂಕಿಯನ್ನೇ ನೋಡಿ ತೀರ್ಮಾನಕ್ಕೆ ಬರುವಂತಿಲ್ಲ.

ಸಿ.ಟಿ. ಸ್ಕ್ಯಾನ್, ಎಂ.ಆರ್.ಐ.: ಗಡ್ಡೆ ಎಷ್ಟು ಹರಡಿದೆ, ರಕ್ತನಾಳಗಳನ್ನು ಮುಟ್ಟಿದೆಯೇ, ಶಸ್ತ್ರಚಿಕಿತ್ಸೆ ಸಾಧ್ಯವೇ ಎಂಬುದನ್ನು ಇವು ತೋರಿಸುತ್ತವೆ. ಪಿತ್ತನಾಳದ ಚಿತ್ರಕ್ಕಾಗಿ ಎಂ.ಆರ್.ಸಿ.ಪಿ. ಮಾಡುತ್ತಾರೆ.

ಬಯಾಪ್ಸಿ: ಗಡ್ಡೆಯನ್ನು ಪೂರ್ತಿ ತೆಗೆಯಲು ಸಾಧ್ಯವಿದೆ ಎಂದು ಕಂಡಾಗ ಸೂಜಿ ಹಾಕಿ ತುಣುಕು ತೆಗೆಯದೆ ನೇರವಾಗಿ ಶಸ್ತ್ರಚಿಕಿತ್ಸೆಗೆ ಹೋಗುವುದೇ ಹೆಚ್ಚು. ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದಾಗ ಕಿಮೋಥೆರಪಿ ಆರಂಭಿಸುವ ಮೊದಲು ಬಯಾಪ್ಸಿ ಮಾಡುತ್ತಾರೆ.

ಕಲ್ಲು ಮನೆಗೆ, ಪಿತ್ತಕೋಶ ಲ್ಯಾಬಿಗೆ

ಕಲ್ಲಿನ ಕಾರಣಕ್ಕೆ ಪಿತ್ತಕೋಶ ತೆಗೆದಾಗ ಕಲ್ಲುಗಳನ್ನು ಚಿಕ್ಕ ಬಾಟಲಿಯಲ್ಲಿ ಹಾಕಿ ಮನೆಯವರ ಕೈಗೆ ಕೊಡುವುದುಂಟು. ಬಂದವರಿಗೆಲ್ಲ ಅದನ್ನು ತೋರಿಸುತ್ತಾರೆ. ಆದರೆ ಹೆಚ್ಚು ಮುಖ್ಯವಾದದ್ದು ತೆಗೆದ ಪಿತ್ತಕೋಶ. ಅದನ್ನು ಹಿಸ್ಟೊಪೆಥಾಲಜಿ ಪರೀಕ್ಷೆಗೆ ಕಳುಹಿಸಬೇಕು. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದರೂ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆರಂಭದ ಹಂತದ ಕ್ಯಾನ್ಸರ್ ಸಿಗುವ ಪ್ರಸಂಗಗಳಿವೆ. ಈ ಕಾಯಿಲೆ ಬೇಗ ಪತ್ತೆಯಾಗುವ ಹೆಚ್ಚಿನ ಸಂದರ್ಭಗಳು ಇಂಥವೇ.

ಆ ವರದಿ ಬರಲು ಒಂದೆರಡು ವಾರ ಬೇಕಾಗಬಹುದು. ಅಷ್ಟರಲ್ಲಿ ರೋಗಿ ಮನೆ ಸೇರಿರುತ್ತಾರೆ, ಹೊಲಿಗೆ ಬಿಚ್ಚಿಸಿದ ಮೇಲೆ ಆಸ್ಪತ್ರೆಯ ಕಡೆ ಹೋಗುವುದಿಲ್ಲ. ವರದಿ ಯಾರೂ ನೋಡದೆ ಉಳಿಯುವುದು ಹೀಗೆ. ಡಿಸ್ಚಾರ್ಜ್ ಆಗುವಾಗಲೇ "ಪಿತ್ತಕೋಶವನ್ನು ಪರೀಕ್ಷೆಗೆ ಕಳುಹಿಸಿದ್ದೀರಾ, ವರದಿ ಯಾವಾಗ ಬರುತ್ತದೆ" ಎಂದು ಕೇಳಿ, ಆ ದಿನಾಂಕವನ್ನು ಬರೆದಿಟ್ಟುಕೊಂಡು, ವರದಿಯನ್ನು ತಂದು ವೈದ್ಯರಿಗೆ ತೋರಿಸಬೇಕು. ಹಿಂದೆಯೇ ಪಿತ್ತಕೋಶ ತೆಗೆಸಿಕೊಂಡು ವರದಿ ನೋಡದವರು ಈಗಲೂ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಚಿಕಿತ್ಸೆ ಸಂಕ್ಷಿಪ್ತವಾಗಿ

ಕ್ಯಾನ್ಸರ್ ಪಿತ್ತಕೋಶದ ತೀರಾ ಒಳಪದರದಲ್ಲಷ್ಟೇ ಇದ್ದರೆ ಪಿತ್ತಕೋಶ ತೆಗೆದದ್ದೇ ಸಾಕಾಗುತ್ತದೆ. ಸ್ನಾಯುಪದರಕ್ಕೆ ಅಥವಾ ಅದರಾಚೆಗೆ ಇಳಿದಿದ್ದರೆ ಪಿತ್ತಕೋಶದ ಜೊತೆ ಪಕ್ಕದ ಲಿವರ್‌ನ ಸ್ವಲ್ಪ ಭಾಗ ಮತ್ತು ಸುತ್ತಲಿನ ದುಗ್ಧಗ್ರಂಥಿಗಳನ್ನೂ ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆ ಬೇಕು. ಇದನ್ನು ಇಂತಹ ಶಸ್ತ್ರಚಿಕಿತ್ಸೆಯಲ್ಲಿ ಅನುಭವವಿರುವ ಕೇಂದ್ರಗಳಲ್ಲಿ ಮಾಡಿಸುವುದು ಉತ್ತಮ.

ಹರಡಿದ ಹಂತದಲ್ಲಿ ಜೆಮ್‌ಸೈಟಬಿನ್ ಮತ್ತು ಸಿಸ್‌ಪ್ಲಾಟಿನ್ ಔಷಧಿಗಳ ಕಿಮೋಥೆರಪಿ ಹಲವು ವರ್ಷಗಳಿಂದ ಬಳಕೆಯಲ್ಲಿದೆ. ಇತ್ತೀಚೆಗೆ ಇದರ ಜೊತೆ ಇಮ್ಯುನೊಥೆರಪಿಯನ್ನೂ ಸೇರಿಸುತ್ತಾರೆ. ಮುಚ್ಚಿದ ಪಿತ್ತನಾಳದಲ್ಲಿ ಸ್ಟೆಂಟ್ ಇಟ್ಟರೆ ಕಾಮಾಲೆ ಮತ್ತು ತುರಿಕೆ ಇಳಿಯುತ್ತವೆ. ಗುಣಪಡಿಸಲಾಗದ ಹಂತದಲ್ಲೂ ನೋವು ನಿವಾರಣೆಗೆ ಒಳ್ಳೆಯ ಔಷಧಿಗಳಿವೆ. ರೋಗಿ ನೋವು ಸಹಿಸಿಕೊಂಡೇ ಇರಬೇಕಾಗಿಲ್ಲ.

ಜೆಲಾಟಿನ್ ಕ್ಯಾಪ್ಸೂಲ್‌ಗಳು ಪ್ರಾಣಿಮೂಲದವು ಎಂಬ ಕಾರಣಕ್ಕೆ ಹಿಂಜರಿಯುವವರು ಔಷಧಿಯನ್ನು ನಿಲ್ಲಿಸಬಾರದು. ಮಾತ್ರೆ, ದ್ರವ ಅಥವಾ ಸಸ್ಯಮೂಲದ ಕ್ಯಾಪ್ಸೂಲ್ ಸಿಗುತ್ತದೆಯೇ ಎಂದು ವೈದ್ಯರನ್ನು ಕೇಳಬೇಕು. ವ್ರತದ ನಿಯಮ ಮತ್ತು ಔಷಧಿಯ ಸಮಯ ಹೊಂದದಿದ್ದರೆ ಅದನ್ನು ವೈದ್ಯರಿಗೂ ಗುರುಗಳಿಗೂ ಮುಂಚಿತವಾಗಿ ತಿಳಿಸಬೇಕು.

ಖರ್ಚಿನ ಚಿಂತೆಯಿಂದ ಪರೀಕ್ಷೆಯನ್ನು ಮುಂದೂಡಬಾರದು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ರಾಜ್ಯದ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ.

ತ್ಯಾಗಿಗಳು ಮತ್ತು ಹಿರಿಯರ ವಿಷಯದಲ್ಲಿ

ಮುನಿಗಳು, ಆರ್ಯಿಕೆಯರು, ಸಾಧ್ವಿಗಳು ತಮ್ಮ ದೇಹದ ಕಷ್ಟವನ್ನು ತಾವಾಗಿ ಹೇಳಿಕೊಳ್ಳುವುದು ಅಪರೂಪ. ದಿನಕ್ಕೆ ಒಮ್ಮೆ ಮಾತ್ರ ಆಹಾರ-ನೀರು ತೆಗೆದುಕೊಳ್ಳುವ ದಿಗಂಬರ ತ್ಯಾಗಿಗಳಲ್ಲಿ ಆಹಾರ ಕಡಿಮೆಯಾದರೂ ಅಂತರಾಯವಾಗಿರಬಹುದು, ತಪಸ್ಸು ಇರಬಹುದು ಎಂದು ಶ್ರಾವಕರು ಭಾವಿಸುತ್ತಾರೆ. ಹಲವು ದಿನಗಳಿಂದ ಆಹಾರ ಅರ್ಧಕ್ಕೇ ನಿಲ್ಲುತ್ತಿದೆಯೇ, ಕಣ್ಣು ಹಳದಿಯಾಗಿದೆಯೇ, ಮೈ ತುರಿಸಿಕೊಂಡ ಗುರುತುಗಳಿವೆಯೇ ಎಂದು ಗಮನಿಸಿ ಸಂಘದ ಹಿರಿಯರಿಗೆ ವಿನಯದಿಂದ ತಿಳಿಸುವುದೂ ವೈಯಾವೃತ್ಯವೇ. ರೋಗ ಏನೆಂದು ತಿಳಿದ ಮೇಲೆ ಯಾವ ಚಿಕಿತ್ಸೆ ತಮ್ಮ ಚರ್ಯೆಗೆ ಹೊಂದುತ್ತದೆ ಎಂಬುದನ್ನು ಅವರೇ ತೀರ್ಮಾನಿಸುತ್ತಾರೆ.

ಮನೆಯಲ್ಲಿ ತಾಯಂದಿರು, ಅಜ್ಜಿಯರ ವಿಷಯವೂ ಹೀಗೆಯೇ. ದಶಲಕ್ಷಣ ಮುಗಿಯಲಿ, ಮದುವೆ ಮುಗಿಯಲಿ ಎಂದು ನೋವನ್ನು ಮುಂದೂಡುವವರು ಹೆಚ್ಚಾಗಿ ಅವರೇ. ಈ ಕ್ಯಾನ್ಸರ್ ಹೆಚ್ಚು ಕಾಣುವುದೂ ಆ ವಯಸ್ಸಿನ ಮಹಿಳೆಯರಲ್ಲಿ. ಆಹಾರ, ಅಭಯ, ಶಾಸ್ತ್ರ ದಾನಗಳ ಜೊತೆ ಔಷಧ ದಾನವನ್ನೂ ನಡೆಸಿಕೊಂಡು ಬಂದಿರುವ ಸಮಾಜದಲ್ಲಿ, ಬಸದಿ ಸಮಿತಿ ಮತ್ತು ಮಹಿಳಾ ಮಂಡಳಗಳ ಆರೋಗ್ಯ ಶಿಬಿರಗಳಲ್ಲಿ ಲಕ್ಷಣಗಳಿರುವ ಮಹಿಳೆಯರಿಗೆ ಹೊಟ್ಟೆಯ ಸ್ಕ್ಯಾನಿಂಗ್ ವ್ಯವಸ್ಥೆ ಮಾಡಿದರೆ ಹಲವರಿಗೆ ಉಪಕಾರವಾಗುತ್ತದೆ.

ಯಾವಾಗ ವೈದ್ಯರ ಬಳಿ ಹೋಗಬೇಕು?

ಅದೇ ದಿನ: ಕಾಮಾಲೆಯೊಂದಿಗೆ ಚಳಿಜ್ವರ, ತಡೆಯಲಾಗದ ಹೊಟ್ಟೆನೋವು, ನಿಲ್ಲದ ವಾಂತಿ, ಮಂಪರು.

ಒಂದೆರಡು ದಿನಗಳಲ್ಲಿ: ಕಣ್ಣು ಹಳದಿ, ಕಡುಬಣ್ಣದ ಮೂತ್ರ, ಬಿಳಿಚಿದ ಮಲ, ಗಂಧೆಯಿಲ್ಲದ ತುರಿಕೆ, ಬಲಪಕ್ಕೆಯ ಕೆಳಗೆ ಗಡ್ಡೆ.

ಎರಡು ವಾರಗಳೊಳಗೆ: ಬಿಡದೆ ಇರುವ ಬಲಪಕ್ಕೆಯ ನೋವು, ವ್ರತ ಮುಗಿದ ಮೇಲೂ ಮರಳದ ಹಸಿವು, ಕಾರಣವಿಲ್ಲದೆ ಇಳಿಯುತ್ತಿರುವ ತೂಕ, ಗ್ಯಾಸ್ಟ್ರಿಕ್ ಮಾತ್ರೆಗೆ ಬಗ್ಗದ ಹೊಟ್ಟೆ ಉಬ್ಬರ.

ಕಲ್ಲು ಅಥವಾ ಪಾಲಿಪ್ ಇದೆ ಎಂದು ಮೊದಲೇ ಗೊತ್ತಿರುವವರು ಹಳೆಯ ಸ್ಕ್ಯಾನಿಂಗ್ ವರದಿಗಳನ್ನೆಲ್ಲ ಒಂದು ಫೈಲಿನಲ್ಲಿಟ್ಟುಕೊಂಡು, ಮತ್ತೆ ಯಾವಾಗ ಸ್ಕ್ಯಾನಿಂಗ್ ಮಾಡಿಸಬೇಕು ಎಂದು ವೈದ್ಯರಿಂದ ಕೇಳಿ ತಿಳಿದಿರಬೇಕು. ಹೊಸ ವರದಿಯನ್ನು ಹಳೆಯದರೊಂದಿಗೆ ಹೋಲಿಸಿದಾಗ ಪಾಲಿಪ್ ಬೆಳೆದಿದೆಯೇ, ಗೋಡೆ ದಪ್ಪವಾಗಿದೆಯೇ ಎಂಬುದು ತಿಳಿಯುತ್ತದೆ.

ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ಇದು ವೈದ್ಯರ ಸಲಹೆಗೆ ಬದಲಿಯಲ್ಲ.